ಸೇವೆಯ ಹೊಣೆ ಯಾರ ಕೈಗೆ?

ಪ್ರತಿವರ್ಷ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಕ್ಕೆ ಮುಂಚಿನ ಭಾನುವಾರದಂದು ಜಗತ್ತಿನ ಕಥೋಲಿಕ ದೇವಾಲಯಗಳಲ್ಲೆಲ್ಲ ಮಿಶನ್ ಭಾನುವಾರವನ್ನು ಆಚರಿಸಲಾಗುತ್ತದೆ. 1926ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸ್ ಅವರು ಗೊತ್ತುಮಾಡಿದ ಈ ದಿನದಂದು ಕೂಡುವ ಕಾಣಿಕೆಯು ರೋಮಿನ ಮೂಲಕ ಬಡ ಧರ್ಮಪ್ರಾಂತ್ಯಗಳಿಗೆ ಹಂಚಿಕೆಯಾಗುತ್ತದೆ. ಕರಾವಳಿಯ ಕೆಲವು ಚರ್ಚುಗಳಲ್ಲಿ ಅಂದು ಬಾಳೆಗೊನೆ, ತೆಂಗಿನಕಾಯಿಗಳ ಏಲಂ ಕೂಡ ನಡೆಯುವುದುಂಟು. ನಾವು ಧಾರಾಳವಾಗಿಯೇ ಕೊಡುತ್ತೇವೆ, ಕೊಟ್ಟು ಮರೆಯುತ್ತೇವೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಪ್ರಭುವಿನ ಬೋಧನೆಯನ್ನು, ಕೊಟ್ಟದ್ದು ಏನಾಯಿತೆಂದು ಕೇಳಲೇಬಾರದು ಎಂಬ ಅರ್ಥಕ್ಕೂ ಎಳೆದುಕೊಂಡಿದ್ದೇವೆ. ಪ್ರಭು ಹಾಗೆ ಹೇಳಿದ್ದಿಲ್ಲ.

ನಾವು ಕೊಡುವವರ ಸಾಲಿಗೆ ಸೇರಿದ್ದು ಈಚೆಗೆ ಎಂಬುದನ್ನೂ ನೆನಪಿಡಬೇಕು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳ ತಂಡದಲ್ಲಿದ್ದ ಜರ್ಮನಿಯ ಫಾದರ್ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನೂ, 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯಧಾಮವನ್ನೂ ತೆರೆದರು. 1910ರಲ್ಲಿ ಅವರು ತೀರಿಕೊಂಡಾಗ ಆ ಕಾರ್ಯ ಅವರ ಜೊತೆಯಲ್ಲಿಯೇ ಮಣ್ಣುಗೂಡಲಿಲ್ಲ. ಇಂದು ಆ ಸಂಸ್ಥೆಗಳು ಮಂಗಳೂರು ಧರ್ಮಪ್ರಾಂತ್ಯದ ಆಡಳಿತದಲ್ಲಿವೆ. ಅಲ್ಲಿಯೇ 1999ರಲ್ಲಿ ವೈದ್ಯಕೀಯ ಕಾಲೇಜೂ ಆರಂಭವಾಯಿತು. ಅವನ್ನು ನಡೆಸುವವರು ಈ ನಾಡಿನವರೇ. 1887ರಲ್ಲಿ ಸ್ಥಾಪನೆಯಾದ ನಮ್ಮ ಧರ್ಮಪ್ರಾಂತ್ಯಕ್ಕೆ ಭಾರತೀಯರೊಬ್ಬರು ಧರ್ಮಾಧ್ಯಕ್ಷರಾಗಿ ಬರಲು ಮಾತ್ರ 1928ರವರೆಗೆ ಕಾಯಬೇಕಾಯಿತು. ಔಷಧದ ಪೆಟ್ಟಿಗೆಯ ಕೀಲಿಕೈ ಕೊಟ್ಟಷ್ಟು ಸುಲಭವಾಗಿ ಧರ್ಮಪೀಠದ ಕೀಲಿಕೈಯನ್ನು ಯಾರೂ ಕೊಡುವುದಿಲ್ಲವಷ್ಟೆ.

ಈಗ ನಮ್ಮ ಮನೆಗಳಿಂದಲೇ ಗುರುಗಳೂ ಧರ್ಮಭಗಿನಿಯರೂ ಆಫ್ರಿಕಾದ ನಾಡುಗಳಿಗೆ ಸೇವೆಗಾಗಿ ಹೊರಟುಹೋಗುತ್ತಿದ್ದಾರೆ. ರಜೆಯಲ್ಲಿ ಊರಿಗೆ ಬಂದವರನ್ನು ನಾವು ಕೇಳುವ ಪ್ರಶ್ನೆಗಳನ್ನು ಸ್ವಲ್ಪ ಗಮನಿಸಿರಿ. ಅಲ್ಲಿನ ಬಿಸಿಲು ಹೇಗೆ, ಊಟ ಏನು, ಜನ ಬಟ್ಟೆಬರೆ ತೊಡುತ್ತಾರೆಯೇ! ಅಲ್ಲಿನವರಿಗೆ ಏನೂ ತಿಳಿಯದು, ಎಲ್ಲವನ್ನೂ ನಮ್ಮವರೇ ಕಲಿಸಬೇಕು ಎಂಬ ಹೆಮ್ಮೆ ಮಾತಿನ ನಡುವೆ ಇಣುಕುತ್ತದೆ. ಒಂದು ಕಾಲಕ್ಕೆ ಯುರೋಪಿನ ಊಟದ ಮೇಜುಗಳಲ್ಲಿ ನಮ್ಮ ಅಜ್ಜ ಅಜ್ಜಿಯರ ಬಗ್ಗೆಯೂ ಇದೇ ಮಾತು ನಡೆದಿರಬೇಕು.

ಈ ಹೆಮ್ಮೆಗೆ ತಕ್ಕ ಉತ್ತರ ಕೊಟ್ಟವರು ಸಂತ ದಾನಿಯೇಲ್ ಕೊಂಬೋನಿ. 1831ರಲ್ಲಿ ಇಟಲಿಯಲ್ಲಿ ಹುಟ್ಟಿದ ಇವರು 1857ರಲ್ಲಿ ಸುಡಾನಿಗೆ ಹೊರಟ ತಂಡದಲ್ಲಿದ್ದರು. ನೈಲ್ ನದಿಯ ತೀರದಲ್ಲಿ ಜ್ವರಕ್ಕೆ ತುತ್ತಾಗಿ ಸಂಗಾತಿಗಳು ಒಬ್ಬೊಬ್ಬರಾಗಿ ಸಾಯುವುದನ್ನು ಅವರು ಕಣ್ಣಾರೆ ಕಂಡರು. ಯುರೋಪಿನವರು ಆಫ್ರಿಕಾದ ಒಳನಾಡಿನಲ್ಲಿ ಬಾಳುವುದಿಲ್ಲ. ಓದಿಸಲೆಂದು ಯುರೋಪಿಗೆ ಕರೆತಂದ ಆಫ್ರಿಕಾದ ಮಕ್ಕಳೂ ಅಲ್ಲಿ ಬಾಳುವುದಿಲ್ಲ. ಹಾಗಾದರೆ ದಾರಿ ಯಾವುದು? 1864ರಲ್ಲಿ ಅವರು ಬರೆದ ಯೋಜನೆಯ ತಿರುಳು ಇಷ್ಟೆ: ಆಫ್ರಿಕಾದ ಉದ್ಧಾರ ಆಫ್ರಿಕನ್ನರಿಂದಲೇ ಆಗಬೇಕು. ಅವರ ನೆಲದಲ್ಲಿಯೇ ಅವರನ್ನು ಶಿಕ್ಷಕರನ್ನಾಗಿ, ದಾದಿಯರನ್ನಾಗಿ, ಕುಶಲಕರ್ಮಿಗಳನ್ನಾಗಿ, ಗುರುಗಳನ್ನಾಗಿ ತಯಾರು ಮಾಡಬೇಕು. ಹೊರಗಿನಿಂದ ಹೋದವನ ಕೆಲಸ ಅಷ್ಟಕ್ಕೇ ನಿಲ್ಲಬೇಕು. ಆ ಕಾಲದಲ್ಲಿ, ಗುಲಾಮರ ಮಾರಾಟ ಇನ್ನೂ ನಡೆಯುತ್ತಿದ್ದಾಗ, ಇದು ಎಂಥ ಧೈರ್ಯದ ಮಾತು ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ. ಕೊಂಬೋನಿಯವರು 1881ರಲ್ಲಿ, ಐವತ್ತನೆಯ ವಯಸ್ಸಿನಲ್ಲಿ, ಖಾರ್ಟೂಮಿನಲ್ಲಿ ನಿಧನ ಹೊಂದಿದರು. 2003ರಲ್ಲಿ ಅವರಿಗೆ ಸಂತಪದವಿ ದೊರೆಯಿತು. ಸ್ವದೇಶದ ಕೀರ್ತಿಯನ್ನು ಶುಭಸಂದೇಶದೊಡನೆ ಬೆರೆಸಬಾರದು, ಸ್ಥಳೀಯ ಗುರುಗಳನ್ನು ಕೇವಲ ಸಹಾಯಕರಂತೆ ಕಾಣಬಾರದು ಎಂದು ಜಗದ್ಗುರು ಹದಿನೈದನೆಯ ಬೆನೆಡಿಕ್ಟ್ ಅವರು ತಮ್ಮ ಪ್ರೇಷಿತ ಪತ್ರದಲ್ಲಿ ಖಂಡತುಂಡವಾಗಿ ಹೇಳಿದ್ದು 1919ರಲ್ಲಿ. ಕೊಂಬೋನಿಯವರು ಐವತ್ತೈದು ವರ್ಷ ಮುಂದಿದ್ದರು.

ಯೋಜನೆ ಬರೆಯುವುದು ಒಂದು, ನಡೆಸಿ ತೋರುವುದು ಇನ್ನೊಂದು. ಕೊಂಬೋನಿಯವರ ಈ ಮಾತು ಆಸ್ಪತ್ರೆಯೊಂದರಲ್ಲಿ ಹೇಗೆ ಮೈತಳೆಯಿತು ಎಂಬುದನ್ನು ತಿಳಿಯಬೇಕಾದರೆ ಉತ್ತರ ಉಗಾಂಡಾದ ಗುಲು ಪಟ್ಟಣದ ಬಳಿಯ ಲಾಚೋರ್ ಎಂಬಲ್ಲಿಗೆ ಹೋಗಬೇಕು. ಕೊಂಬೋನಿ ಸಭೆಯವರು 1959ರಲ್ಲಿ ಅಲ್ಲಿ ಸಂತ ಮರಿಯ ಆಸ್ಪತ್ರೆಯನ್ನು ತೆರೆದರು. ಕೆಲವೇ ಹಾಸಿಗೆಗಳಿದ್ದ ಆ ಪುಟ್ಟ ಆಸ್ಪತ್ರೆಗೆ 1961ರಲ್ಲಿ ಇಟಲಿಯ ವೈದ್ಯ ಪಿಯೆರೊ ಕೊರ್ತಿ ಬಂದರು. ತಮ್ಮ ಪರಿಚಯದ ಕೆನಡಾದ ಶಸ್ತ್ರವೈದ್ಯೆ ಲೂಸಿಲ್ ಟೀಸ್‌ಡೇಲ್ ಅವರನ್ನು ಒಂದೆರಡು ತಿಂಗಳ ಮಟ್ಟಿಗೆ ಬರಬೇಕೆಂದು ಕೇಳಿಕೊಂಡರು. ಸಂಬಳ ಕೊಡಲು ಹಣವಿರಲಿಲ್ಲ. ವಿಮಾನದ ಟಿಕೆಟು ಮತ್ತು ಸಿಗರೇಟಿನ ಖರ್ಚನ್ನು ಮಾತ್ರ ಕೊಡಬಲ್ಲೆನೆಂದರಂತೆ. ಒಂದೆರಡು ತಿಂಗಳಿಗೆಂದು ಬಂದ ಆ ತಾಯಿ ಮೂವತ್ತೈದು ವರ್ಷ ಅಲ್ಲಿಯೇ ಉಳಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಸ್ಪತ್ರೆಯ ಪ್ರಾರ್ಥನಾಮಂದಿರದಲ್ಲಿಯೇ ಅವರಿಬ್ಬರ ವಿವಾಹವಾಯಿತು.

ಆಮೇಲೆ ಉಗಾಂಡಾಕ್ಕೆ ಬಂದದ್ದು ಇದಿ ಅಮೀನನ ಆಳ್ವಿಕೆ, 1979ರ ಯುದ್ಧ, ಅದರ ಬೆನ್ನಿಗೆ ಅಂತರ್ಯುದ್ಧ. ಗುಂಡೇಟು ತಿಂದವರ ಮುರಿದ ಮೂಳೆಗಳ ನಡುವೆ ಕೈಯಾಡಿಸುತ್ತ ಲೂಸಿಲ್ ಅವರು ಹಗಲಿರುಳು ಶಸ್ತ್ರಕ್ರಿಯೆ ನಡೆಸಿದರು. ಅವರು ನಡೆಸಿದ ಶಸ್ತ್ರಕ್ರಿಯೆಗಳ ಸಂಖ್ಯೆ 13,000ಕ್ಕೂ ಹೆಚ್ಚು. ಅವುಗಳಲ್ಲಿ ಯಾವುದೋ ಒಂದರಲ್ಲಿ ಎಚ್‌ಐವಿ ಸೋಂಕು ಅವರ ದೇಹವನ್ನು ಸೇರಿತು. 1985ರಲ್ಲಿ ಅದು ಗೊತ್ತಾದ ಮೇಲೂ ಅವರು ಕೆಲಸವನ್ನು ಬಿಡಲಿಲ್ಲ. 1996ರ ಆಗಸ್ಟ್ 1ರಂದು ಅವರು ತೀರಿಕೊಂಡರು.

ಇಂಥ ತ್ಯಾಗದ ಕಥೆಗಳನ್ನು ಕೇಳಿ ಕಣ್ಣೀರು ಸುರಿಸುವುದು ನಮ್ಮ ಅಭ್ಯಾಸ. ಆದರೆ ಲಾಚೋರ್‌ನ ದೊಡ್ಡತನ ತ್ಯಾಗದಲ್ಲಿ ಮಾತ್ರ ಇರಲಿಲ್ಲ. ಈ ದಂಪತಿಗಳು ಮೊದಲಿನಿಂದಲೂ ತಮ್ಮ ಕುರ್ಚಿಯಲ್ಲಿ ಕುಳಿತುಕೊಳ್ಳುವವರನ್ನು ತಯಾರು ಮಾಡುತ್ತಿದ್ದರು. 1973ರಲ್ಲಿ ದಾದಿಯರ ಶಾಲೆ ಆರಂಭವಾಯಿತು. ಯುದ್ಧದ ನಡುವೆಯೂ, ಉಗಾಂಡಾದ ಯುವ ವೈದ್ಯರು ತರಬೇತಿಗಾಗಿ ಬರುವಂಥ ಆಸ್ಪತ್ರೆಯಾಗಿ ಅದು ಬೆಳೆಯಿತು. 1983ರಲ್ಲಿ ಹಾಗೆ ಬಂದವರಲ್ಲಿ ಮ್ಯಾಥ್ಯೂ ಲುಕ್ವಿಯಾ ಎಂಬ ತರುಣರೊಬ್ಬರಿದ್ದರು. ಉತ್ತರ ಉಗಾಂಡಾದ ಬಡ ಕುಟುಂಬದ ಮಗ. 1989ರ ಶುಭ ಶುಕ್ರವಾರದಂದು ಬಂಡುಕೋರರು ಆಸ್ಪತ್ರೆಗೆ ನುಗ್ಗಿ ಧರ್ಮಭಗಿನಿಯರನ್ನು ಒಯ್ಯಲೆಂದು ನಿಂತಾಗ ಅವರ ಬದಲಿಗೆ ತಾವೇ ಹೊರಟುನಿಂತು, ಒಂದು ವಾರ ಕಾಡಿನಲ್ಲಿ ಅಲೆದು ಬಂದವರು ಇವರು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಉಷ್ಣವಲಯದ ರೋಗಗಳ ಬಗ್ಗೆ ಉನ್ನತ ವ್ಯಾಸಂಗ ಮಾಡಿಯೂ ಅಲ್ಲಿ ನಿಲ್ಲದೆ ಲಾಚೋರ್‌ಗೇ ಮರಳಿ, ಅದರ ವೈದ್ಯಾಧೀಕ್ಷಕರಾದರು.

2000ದ ಅಕ್ಟೋಬರ್‌ನಲ್ಲಿ ಆಸ್ಪತ್ರೆಯ ದಾದಿ ವಿದ್ಯಾರ್ಥಿಗಳು ವಿಚಿತ್ರವಾದ ಜ್ವರದಿಂದ ಒಬ್ಬರ ಹಿಂದೊಬ್ಬರು ಸಾಯತೊಡಗಿದರು. ಆಗ ಕಂಪಾಲಾದಲ್ಲಿ ವ್ಯಾಸಂಗದಲ್ಲಿದ್ದ ಲುಕ್ವಿಯಾ ಅವರಿಗೆ ಕರೆ ಹೋಯಿತು. ಬಂದವರೇ ಸತ್ತವರ ದಾಖಲೆಗಳನ್ನೆಲ್ಲ ತರಿಸಿ, ವಿಶ್ವ ಆರೋಗ್ಯ ಸಂಸ್ಥೆಯ ವರದಿಗಳೊಡನೆ ಇಟ್ಟು ರಾತ್ರಿಯೆಲ್ಲ ಓದಿದರು. ಎಬೋಲಾ ಎಂಬ ಗುಮಾನಿ ಮೂಡಿತು. ಪ್ರಯೋಗಾಲಯದಿಂದ ಖಚಿತ ಉತ್ತರ ಬರುವ ಮೊದಲೇ, ಹೊರದೇಶದ ತಜ್ಞರು ಬಂದಿಳಿಯುವ ಮೊದಲೇ, ಪ್ರತ್ಯೇಕ ವಾರ್ಡು ಸಿದ್ಧವಾಗಿತ್ತು. ಸ್ವ ಇಚ್ಛೆಯಿಂದ ಮುಂದೆ ಬಂದ ದಾದಿಯರು ಅಲ್ಲಿ ದುಡಿದರು. ಅವರಲ್ಲಿ ಕೆಲವರು ಸತ್ತರು. ನವೆಂಬರ್ ಕೊನೆಯ ಹೊತ್ತಿಗೆ ಹೆದರಿದ ಸಿಬ್ಬಂದಿ ಕೆಲಸ ಬಿಡಲು ಹೊರಟಾಗ ಲುಕ್ವಿಯಾ ಅವರು ಗಂಟೆಗಟ್ಟಲೆ ಅವರೊಡನೆ ಮಾತನಾಡಿ ನಿಲ್ಲಿಸಿದರು. ಅದೇ ದಿನಗಳಲ್ಲಿ, ಸಾಯುತ್ತಿದ್ದ ದಾದಿಯೊಬ್ಬರ ಆರೈಕೆಗೆ ರಾತ್ರಿಯ ತುರ್ತಿನಲ್ಲಿ ಓಡಿಹೋಗಿ ಅವರಿಗೂ ರೋಗ ತಗುಲಿತು. ಡಿಸೆಂಬರ್ 5ರಂದು, ನಲವತ್ತಮೂರನೆಯ ವಯಸ್ಸಿನಲ್ಲಿ, ತೀರಿಕೊಂಡರು. ಲೂಸಿಲ್ ಅವರ ಸಮಾಧಿಯ ಪಕ್ಕದಲ್ಲಿಯೇ ಅವರನ್ನು ಮಣ್ಣು ಮಾಡಲಾಯಿತು. ಆ ಸಾಂಕ್ರಾಮಿಕದಲ್ಲಿ ಉಗಾಂಡಾದಲ್ಲಿ 425 ಮಂದಿಗೆ ರೋಗ ತಗುಲಿ 224 ಮಂದಿ ಸತ್ತರು. ಲಾಚೋರ್‌ನಲ್ಲಿ ಅಂದು ಅದನ್ನು ಗುರುತಿಸುವ ಕಣ್ಣುಗಳಿಲ್ಲದಿದ್ದರೆ ಈ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತಿತ್ತೋ ಹೇಳಲಾಗದು.

ತಮ್ಮ ಉತ್ತರಾಧಿಕಾರಿಯೆಂದು ಬಗೆದಿದ್ದವರನ್ನು ಕಳೆದುಕೊಂಡ ವೃದ್ಧ ಕೊರ್ತಿಯವರು 2003ರಲ್ಲಿ ತೀರಿಕೊಂಡರು. ಆಸ್ಪತ್ರೆಯ ಬಾಗಿಲು ಮುಚ್ಚಲಿಲ್ಲ. ಸುಮಾರು ಐನೂರು ಹಾಸಿಗೆಗಳ ಆ ಆಸ್ಪತ್ರೆಯನ್ನು ನಡೆಸುತ್ತ ಬಂದವರು ಉಗಾಂಡಾದ ವೈದ್ಯರು, ದಾದಿಯರೇ.

ಅದೇ ಉಗಾಂಡಾದ ಇನ್ನೊಂದು ಪಟ್ಟಣವಾದ ಜಿಂಜಾದಲ್ಲಿ ನಡೆದದ್ದು ಬೇರೆಯೇ ಕಥೆ. ವೈದ್ಯಕೀಯ ಶಿಕ್ಷಣವಿಲ್ಲದ ಅಮೆರಿಕದ ಯುವತಿಯೊಬ್ಬರು ದೇವರ ಕರೆಯೆಂದು ಬಗೆದು, ಪೌಷ್ಟಿಕ ಆಹಾರದ ಕೊರತೆಯಿಂದ ಬಳಲುವ ಮಕ್ಕಳಿಗಾಗಿ ಕೇಂದ್ರವನ್ನು ತೆರೆದರು. 2010 ಮತ್ತು 2015ರ ನಡುವೆ ಅಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ತಾಯಂದಿರಿಬ್ಬರು 2019ರಲ್ಲಿ ನ್ಯಾಯಾಲಯಕ್ಕೆ ಹೋದರು. 2020ರಲ್ಲಿ, ಯುವತಿಯು ತಪ್ಪನ್ನು ಒಪ್ಪಿಕೊಳ್ಳದೆಯೇ, ಪರಿಹಾರಧನದೊಡನೆ ರಾಜಿಯಾಯಿತು. ಅವರ ಮನಸ್ಸಿನಲ್ಲಿ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ಆದರೆ ತಮ್ಮ ದೇಶದಲ್ಲಿ ಒಂದು ಸೂಜಿ ಚುಚ್ಚಲೂ ಅನುಮತಿಯಿಲ್ಲದವರು ಬಡದೇಶದಲ್ಲಿ ಇಂಥದ್ದೊಂದು ಕೇಂದ್ರವನ್ನು ನಡೆಸಬಹುದೆಂದು ಬಗೆದದ್ದು ಪ್ರೀತಿಯ ಮಾತಲ್ಲ. ಅಲ್ಲಿನ ಜೀವಕ್ಕೆ ಬೆಲೆ ಕಡಿಮೆ ಎಂಬ ಲೆಕ್ಕಾಚಾರವೇ ಅದರ ಬುಡದಲ್ಲಿದೆ.

ಈ ವಿಷಯದಲ್ಲಿ ನಮ್ಮ ಮನೆಯ ಅಂಗಳವನ್ನೂ ನೋಡಿಕೊಳ್ಳಬೇಕು. ಪ್ರಸಿದ್ಧ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಸಂಪಾದಕ ರಾಬಿನ್ ಫಾಕ್ಸ್ ಅವರು ಕಲ್ಕತ್ತೆಯಲ್ಲಿ ಮದರ್ ತೆರೇಸಾ ಅವರ ಆಶ್ರಮವನ್ನು ಕಂಡು, ರೋಗ ಗುರುತಿಸುವ ವ್ಯವಸ್ಥೆ ಸಾಲದು, ನೋವು ತಗ್ಗಿಸುವ ಬಲವಾದ ಔಷಧಗಳಿಲ್ಲ ಎಂದು 1994ರಲ್ಲಿ ಬರೆದಾಗ ನಮ್ಮಲ್ಲಿ ಅನೇಕರು ಕೋಪಗೊಂಡರು. ಬೀದಿಯಲ್ಲಿ ಸಾಯುವವನನ್ನು ಎತ್ತಿಕೊಂಡ ಆ ಮಹಾತಾಯಿಯನ್ನು ಟೀಕಿಸುವುದೇ ಎಂದರು. ಎತ್ತಿಕೊಂಡ ಮೇಲೆ ನೋವಿಗೆ ಮದ್ದು ಕೊಡಬೇಕೆಂಬುದು ಮಾತ್ರ ನ್ಯಾಯವಾದ ಮಾತೇ. ಸಂತರಾದವರ ಕೆಲಸವನ್ನೂ ಪ್ರಶ್ನಿಸಬಹುದು; ಅದರಿಂದ ಅವರ ಸಂತತ್ವಕ್ಕೆ ಕುಂದಿಲ್ಲ.

ಸೇವೆಯೆಂಬುದು ಮತಾಂತರದ ಗಾಳ ಎಂಬ ಆರೋಪ ಹಳೆಯದು. ಜಗದ್ಗುರು ಹದಿನಾರನೆಯ ಬೆನೆಡಿಕ್ಟ್ ಅವರು 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ, ದೀನರ ಸೇವೆಯನ್ನು ಮತಕ್ಕೆ ಸೆಳೆಯುವ ಸಾಧನವಾಗಿ ಬಳಸಬಾರದೆಂದು ಸ್ಪಷ್ಟವಾಗಿ ತಿಳಿಸಿದ್ದಾರೆ. ಈ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ. ಆದರೆ ಆರೋಪಕ್ಕೆ ಸಿಟ್ಟಿನ ಉತ್ತರಕ್ಕಿಂತ, ಆ ಊರಿನವರೇ ನಡೆಸುವ ಆಸ್ಪತ್ರೆ ಹೆಚ್ಚು ಚೆನ್ನಾಗಿ ಉತ್ತರ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಣದ ಮಾತು ಉಳಿದಿದೆ, ಅದು ಕಹಿಯಾದ ಮಾತು. ಜನರನ್ನು ತಯಾರು ಮಾಡಿದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. ಲಾಚೋರ್‌ನಲ್ಲಿ ರೋಗಿಗಳಿಂದ ಅಲ್ಪ ಶುಲ್ಕ ಮಾತ್ರ ಪಡೆಯುತ್ತಾರೆ. ಉಳಿದುದಕ್ಕೆ ಕೊರ್ತಿ ದಂಪತಿಗಳ ಹೆಸರಿನ ಇಟಲಿ, ಕೆನಡಾದ ಪ್ರತಿಷ್ಠಾನಗಳೇ ಮೊದಲಾದ ಹೊರಗಿನವರ ನೆರವು ಬೇಕು. 2025ರ ಜನವರಿಯಲ್ಲಿ ಅಮೆರಿಕ ಸರಕಾರ ವಿದೇಶಗಳಿಗೆ ನೀಡುವ ನೆರವನ್ನು ಏಕಾಏಕಿ ತಡೆಹಿಡಿದಾಗ, ಆ ಹಣವನ್ನು ಬಹುವಾಗಿ ನೆಚ್ಚಿಕೊಂಡಿದ್ದ ಅಲ್ಲಿನ ಕಥೋಲಿಕ ಪರಿಹಾರ ಸಂಸ್ಥೆಯೇ ತತ್ತರಿಸಿತು. ಬಡದೇಶಗಳ ಎಷ್ಟೋ ಚಿಕಿತ್ಸಾಲಯಗಳು ಅತಂತ್ರವಾದವು. ನಮ್ಮ ದೇಶದಲ್ಲಿಯೂ ವಿದೇಶಿ ದೇಣಿಗೆ ಕಾಯಿದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ; ಆಡಳಿತ ವೆಚ್ಚದ ಮಿತಿಯೂ ಶೇಕಡಾ 50ರಿಂದ 20ಕ್ಕೆ ಇಳಿಯಿತು. ಹಳ್ಳಿಗಳಲ್ಲಿ ದುಡಿಯುವ ಸಣ್ಣಪುಟ್ಟ ಸಂಸ್ಥೆಗಳಿಗೆ ಇದರ ಬಿಸಿ ತಟ್ಟಿದೆ. ಸರಕಾರದ ನೀತಿಯನ್ನು ಹಳಿಯುವುದು ಸುಲಭ. ಆದರೆ ಊರಿನ ನಾಲ್ಕು ಜನರ ನಾಲ್ಕು ಕಾಸನ್ನೂ ಕೇಳದೆ, ಹೊರಗಿನ ಹುಂಡಿಯನ್ನೇ ನಂಬಿ ಕಟ್ಟಿದ ಕಟ್ಟಡಗಳು ನಮ್ಮಲ್ಲಿ ಎಷ್ಟಿವೆಯೋ ಲೆಕ್ಕ ಹಾಕಿದವರಿಲ್ಲ.

ಸತ್ಪುರುಷನಾದ ಸಮಾರಿಯದವನ ಸಾಮತಿಯನ್ನು ನಾವು ವರ್ಷವರ್ಷವೂ ಕೇಳುತ್ತೇವೆ. ಗಾಯಗೊಂಡವನಿಗೆ ಎಣ್ಣೆ ಹಚ್ಚಿ, ಪಟ್ಟಿ ಕಟ್ಟಿ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದದ್ದನ್ನು ಬೋಧಕರು ವಿವರವಾಗಿ ಹೇಳುತ್ತಾರೆ. ಮರುದಿನ ಅವನು ಛತ್ರದ ಯಜಮಾನನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚಾದರೆ ಮರಳಿ ಬರುವಾಗ ಕೊಡುತ್ತೇನೆಂದು ಹೇಳಿ ತನ್ನ ದಾರಿ ಹಿಡಿದನು. ಆರೈಕೆಯನ್ನು ಮುಂದುವರಿಸಿದವನು ಆ ಊರಿನ ಛತ್ರದವನು. ಅವನ ಬಗ್ಗೆ ಪ್ರಸಂಗ ಕೇಳಿದ ನೆನಪು ನನಗಿಲ್ಲ.

ಮುಂದಿನ ಮಿಶನ್ ಭಾನುವಾರದಂದು ಏಲಂ ಕೂಗುವ ಮೊದಲು ಒಂದು ಸಣ್ಣ ಕೆಲಸವನ್ನು ನಮ್ಮ ಚರ್ಚುಗಳಲ್ಲಿ ಮಾಡಬಹುದು. ನಮ್ಮ ಊರಿನಿಂದ ಹೋಗಿ ದೂರದೇಶದಲ್ಲಿ ದುಡಿಯುತ್ತಿರುವ ಗುರುಗಳಿಗೋ ಧರ್ಮಭಗಿನಿಯರಿಗೋ ಈಗಲೇ ಒಂದು ಪತ್ರ ಬರೆದು, ಅವರ ಶಾಲೆಯಲ್ಲಿ, ಔಷಧಾಲಯದಲ್ಲಿ ಅವರ ಜೊತೆ ಆ ಊರಿನವರು ಎಷ್ಟು ಮಂದಿ ಕೆಲಸ ಮಾಡುತ್ತಾರೆ, ಅವರಿಗೆ ಏನು ತರಬೇತಿ ದೊರೆತಿದೆ, ನಮ್ಮವರು ರಜೆಗೆಂದು ಬಂದಾಗ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಕೇಳಬಹುದು. ಬಂದ ಉತ್ತರವನ್ನು ಪೂಜೆಯ ಕೊನೆಗೆ ಗಟ್ಟಿಯಾಗಿ ಓದಿ ಹೇಳಬಹುದು. ಬಾಳೆಗೊನೆಯ ಏಲಂ ಆಮೇಲೆ ನಡೆಯಲಿ.