ಗೊಬ್ಬರ ಬೇಡದ ಹುಲ್ಲು

ಮಣ್ಣು ಬಡವಾಗಿದ್ದರೆ ಗೊಬ್ಬರ ಹಾಕಿ ಹದ ಮಾಡು ಎನ್ನುವುದು ನಮ್ಮ ಬೇಸಾಯದ ಮೊದಲ ಪಾಠ. ರಾಗಿಗೆ, ಕಬ್ಬಿಗೆ ಅದು ಸರಿ. ಉತ್ತರ ಅಮೆರಿಕದ ಲಿಟಲ್ ಬ್ಲೂಸ್ಟೆಮ್ ಎಂಬ ಹುಲ್ಲಿಗೆ ಮಾತ್ರ ಈ ಉಪಚಾರ ಹಿಡಿಸದು. ಕೊಬ್ಬಿದ ಮಣ್ಣಿನಲ್ಲಿ ನೆಟ್ಟು ಮೇಲೆ ಮೇಲೆ ನೀರು ಹನಿಸಿದರೆ ಅದು ಸೊಕ್ಕಿ ಬೆಳೆದು, ಬೇಸಿಗೆ ಮುಗಿಯುವ ಹೊತ್ತಿಗೆ ನಾಲ್ಕೂ ಕಡೆ ಮಲಗಿಬಿಡುತ್ತದೆ. ಮರಳೋ ಗರಸೋ ಇರುವ ಬಿಸಿಲು ದಿಬ್ಬದಲ್ಲಿಟ್ಟರೆ ನೆಟ್ಟಗೆ ನಿಲ್ಲುತ್ತದೆ.

ಗರಿಕೆಯಂತೆ ಹಬ್ಬದೆ, ತೆಂಡೆ ಒಡೆದು ಒಂದೇ ಬುಡವಾಗಿ ನಿಲ್ಲುವ ಜಾತಿ ಇದು. ಎತ್ತರ ಎರಡರಿಂದ ನಾಲ್ಕು ಅಡಿ. ಬೇಸಿಗೆಯಲ್ಲಿ ನೀಲಿ ಬೆರೆತ ಹಸಿರು, ಚಳಿ ಹತ್ತಿರವಾದಂತೆ ತಾಮ್ರದ ಕೆಂಪು. ಹಿಮ ಬಿದ್ದ ಮೇಲೂ ಆ ಬಣ್ಣ ಉಳಿಯುತ್ತದೆ. ಅಲ್ಲಿನ ಪೆರೆನಿಯಲ್ ಪ್ಲಾಂಟ್ ಅಸೋಸಿಯೇಷನ್ 2022ರಲ್ಲಿ ಇದನ್ನೇ ವರ್ಷದ ಸಸ್ಯವೆಂದು ಆರಿಸಿತು.

ಚೆಲುವಿಗಿಂತ ನನ್ನನ್ನು ಸೆಳೆಯುವುದು ಇದರ ಬೇರು. ನೆಬ್ರಾಸ್ಕ ವಿಶ್ವವಿದ್ಯಾಲಯದ ಜಾನ್ ವೀವರ್ ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಹುಲ್ಲುಗಾವಲಿನಲ್ಲಿ ಆಳದ ಗುಂಡಿ ತೋಡಿ, ಬೇರುಗಳನ್ನು ಒಂದೊಂದಾಗಿ ಬಿಡಿಸಿ, ಚಿತ್ರಿಸಿದರು. ಸೊಂಟದೆತ್ತರದ ಈ ಹುಲ್ಲಿನ ಬೇರು ಐದಡಿಗೂ ಕೆಳಗೆ ಇಳಿದಿರುತ್ತದೆ. ಹಾಗೆಂದು ಇದು ಅಮರವಲ್ಲ. 1930ರ ದಶಕದ ಮಹಾಬರದಲ್ಲಿ ಒಣದಿಬ್ಬಗಳ ಬ್ಲೂಸ್ಟೆಮ್ ರಾಶಿರಾಶಿಯಾಗಿ ಸತ್ತದ್ದನ್ನೂ ದಾಖಲಿಸಿದವರು ವೀವರ್ ಅವರೇ.

ಬರಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ನೇಗಿಲು. ಎತ್ತರದ ಹುಲ್ಲಿನ ಪ್ರೇರಿಯಲ್ಲಿ, ಅಂದರೆ ಅಲ್ಲಿನ ಹುಲ್ಲುಗಾವಲಿನಲ್ಲಿ, ಇಂದು ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗೂ ಕಡಿಮೆ. ಉಳಿದದ್ದರಲ್ಲಿ ಹೆಚ್ಚಿನದು ಕ್ಯಾನ್ಸಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿದೆ. ಅಲ್ಲಿ ತೆಳು ಮಣ್ಣಿನಡಿ ಚಕಮಕಿ ಕಲ್ಲು, ನೇಗಿಲು ಓಡಲಿಲ್ಲ. ನೆಲದ ಬಡತನವೇ ಹುಲ್ಲನ್ನು ಕಾಯಿತು.

ಹುಲ್ಲಿನ ಜೊತೆಗೆ ಹೋದ ಜೀವಗಳೂ ಇವೆ. ಡಕೋಟ ಸ್ಕಿಪ್ಪರ್ ಎಂಬ ಪುಟ್ಟ ಚಿಟ್ಟೆಯ ಮರಿಹುಳು ಇಂಥ ಹುಲ್ಲುಗಳ ಗರಿ ತಿಂದು, ಬುಡದಲ್ಲಿ ರೇಷ್ಮೆಯ ಗೂಡು ಹೆಣೆದು ಚಳಿಗಾಲ ಕಳೆಯುತ್ತದೆ. 2014ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಉಳುಮೆ ಕಾಣದ ಪ್ರೇರಿ ಬಿಟ್ಟು ಅದು ಮನೆಯಂಗಳಕ್ಕೆ ಬರುವಂಥದ್ದಲ್ಲ. ಆದರೆ ಅದರ ಬಳಗದ ಬೇರೆ ಸ್ಕಿಪ್ಪರ್‌ಗಳು ಬರುತ್ತವೆ. ಚಳಿಗಾಲದಲ್ಲಿ ಗುಬ್ಬಿಯಂಥ ಸಣ್ಣ ಹಕ್ಕಿಗಳು ಈ ಹುಲ್ಲಿನ ಬೀಜಕ್ಕೆ ಬರುತ್ತವೆ.

ಹುಲ್ಲುನೆಲವನ್ನು ಪಾಳು ಎಂದು ಕರೆಯುವ ಕುರುಡು ನಮ್ಮಲ್ಲೂ ಇದೆ. ಕೃಷ್ಣಮೃಗಗಳಿಗೆಂದು 1974ರಲ್ಲಿ ಅಭಯಾರಣ್ಯವಾದ ರಾಣೆಬೆನ್ನೂರಿನ ಬಯಲಿನ ಬಹುಭಾಗದಲ್ಲಿ ನಿಂತಿರುವುದು ನೀಲಗಿರಿ ನೆಡುತೋಪು. ಬಯಲಿನಲ್ಲಿ ಓಡಿ ಬದುಕುವ ಪ್ರಾಣಿಗೆ ಮರಗಳ ಸಾಲು ಕೊಟ್ಟದ್ದನ್ನು ಹಸಿರೀಕರಣ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಮತ್ತೆ ಲಿಟಲ್ ಬ್ಲೂಸ್ಟೆಮ್ ಮಾತಿಗೆ ಬರುತ್ತೇನೆ. ಡಲ್ಲಾಸ್‌ನಲ್ಲೋ ಶಿಕಾಗೋದ ಹೊರವಲಯದಲ್ಲೋ ಮನೆ ಮಾಡಿರುವ ಕನ್ನಡಿಗರು ಅನೇಕರಿದ್ದಾರೆ. ವಾರವಾರ ಕತ್ತರಿಸಿ, ನೀರು ಗೊಬ್ಬರ ಸುರಿದು ಸಾಕುವ ಲಾನ್‌ನ ಒಂದು ಮೂಲೆಯನ್ನು ಈ ಹುಲ್ಲಿಗೆ ಬಿಟ್ಟುಕೊಡಿ ಎಂದು ಅವರಲ್ಲಿ ಕೇಳುತ್ತೇನೆ. ದಿನಕ್ಕೆ ಆರು ತಾಸಿನ ಬಿಸಿಲು ಬೇಕು, ನೀರು ನಿಲ್ಲಬಾರದು. ಗಿಡದಿಂದ ಗಿಡಕ್ಕೆ ಒಂದೂವರೆ, ಎರಡು ಅಡಿ ಅಂತರವಿರಲಿ. ಮೊದಲ ವರ್ಷ ಬೇರೂರುವ ತನಕ ನೀರು ಕೊಡಿ, ಆಮೇಲೆ ಕೈಬಿಡಿ. ನರ್ಸರಿಯವರು ಮಲಗದ ತಳಿಗಳನ್ನು ತೋರಿಸುತ್ತಾರೆ. ಅವೂ ಚೆನ್ನಾಗಿವೆ, ಆದರೆ ಆಯಾ ಸೀಮೆಯ ಬೀಜದಿಂದ ಎದ್ದ ಗಿಡಗಳನ್ನೇ ನಾನು ಮೆಚ್ಚುತ್ತೇನೆ, ಒಂದರಂತೆ ಇನ್ನೊಂದು ಇರುವುದಿಲ್ಲ. ವಸಂತದಲ್ಲಿ ಇದು ತಡವಾಗಿ ಚಿಗುರುತ್ತದೆ, ಸತ್ತಿತೆಂದು ಕಿತ್ತುಹಾಕಬೇಡಿ. ಒಣಗಿದ ಗರಿಯನ್ನು ಶುಚಿಯ ಹೆಸರಿನಲ್ಲಿ ನವೆಂಬರಿನಲ್ಲೇ ಕತ್ತರಿಸಬೇಡಿ. ಹಕ್ಕಿಗೂ ಹುಳಕ್ಕೂ ಅದು ಬೇಕು. ಮಾರ್ಚ್ ಕಳೆಯುವವರೆಗೆ ನಿಂತಿರಲಿ.