ಕಪಾಟಿನ್ಯಾಗಿನ ಲೈಸೆನ್ಸು ಮತ್ತ ಬ್ರೈಟನ್ ದಾರಿಯ ಹಳೇ ಗಾಡಿಗಳು

ಮಗಳ ಬಾಣಂತನಕ್ಕ ಇಂಗ್ಲೆಂಡಿಗೆ ಹೋಗಿ ಏನೇನ ನೋಡಿ ಬಂದ್ರಿ ಅಂತ ಎಲ್ಲಾರೂ ಕೇಳ್ತೀರಿ. ಅರಮನಿ, ಸೇತುವಿ ಎಲ್ಲಾ ನೋಡೇನಿ. ಆದ್ರ ತಲ್ಯಾಗ ಕೂತಿದ್ದು ಮಾತ್ರ ಕ್ರಾಲಿ ಅನ್ನೋ ಊರಿನ ಪ್ಯಾಟಿ ರಸ್ತೆದಾಗ ಒಂದ ರವಿವಾರ ಮುಂಜಾನೆ ನೋಡಿದ ಹಳೇ ಕಾರುಗಳು. ಅದರ ಮ್ಯಾಲಿಂದ ನಂದೊಂದು ಮಾತದ. ಸೊಲ್ಪ ಜಗಳಾಡಿದಂಗ ಅನಿಸಿದ್ರ ಬೈಕೋಬ್ಯಾಡ್ರಿ.

ಪ್ರತಿ ವರ್ಷ ನವೆಂಬರ್ ತಿಂಗಳ ಮೊದಲನೇ ರವಿವಾರ ಲಂಡನ್ನಿನ ಹೈಡ್ ಪಾರ್ಕಿನಿಂದ ಸಮುದ್ರದಂಡಿ ಊರು ಬ್ರೈಟನ್ನಿಗೆ ಹಳೇ ಕಾರುಗಳ ಒಂದು ಯಾತ್ರಾ ಹೊರಡ್ತದ. ಸುಮಾರು 60 ಮೈಲು ದಾರಿ. ಹಳೇವು ಅಂದ್ರ ನಮ್ಮ ಮಾವನೋರ ಫಿಯಾಟಿನಷ್ಟಲ್ಲ, 1905ಕ್ಕಿಂತ ಮೊದಲ ತಯಾರಾದ ಗಾಡಿಗಳು. ಅಲ್ಲೆ ಮೊದಲ ಒಂದ ಕಾಯ್ದೆ ಇತ್ತಂತ. ಕಾರು ಹಳ್ಳಿ ರಸ್ತೆದಾಗ ತಾಸಿಗೆ 4 ಮೈಲು, ಊರೊಳಗ 2 ಮೈಲಿಗಿಂತ ಹೆಚ್ಚಿಗೆ ಓಡಬಾರದು. ಮುಂದ ಒಬ್ಬ ಮನಷ್ಯಾ ನಡಕೋತ ಹೋಗಬೇಕು. ಶುರುವಿಗೆ ಅವನ ಕೈಯಾಗ ಕೆಂಪು ಬಾವುಟಾನೂ ಇರಬೇಕಿತ್ತು. 1896ರ ನವೆಂಬರ್ 14ಕ್ಕ ಆ ಕಟ್ಟು ಸಡ್ಲಾತು. ಆ ಖುಷಿಗೆ ಅವತ್ತ ಒಂದಿಷ್ಟು ಮಂದಿ ಗಾಡಿ ತಗೊಂಡು ಬ್ರೈಟನ್ನಿಗೆ ಹೊಂಟ್ರು. ಅದರ ನೆನಪಿಗೆ ಇವತ್ತಿಗೂ ಹೊರಡೋ ಮುಂದ ಒಂದ ಕೆಂಪು ಬಾವುಟ ಹರೀತಾರ. 1930ರಿಂದ ರಾಯಲ್ ಆಟೊಮೊಬೈಲ್ ಕ್ಲಬ್ಬಿನವರು ಇದನ್ನ ನಡಸ್ತಾರ. ಇದು ರೇಸ್ ಅಲ್ಲ. ಯಾರು ಮೊದಲ ಬಂದ್ರು ಅಂತ ಯಾರೂ ಕೇಳೋದಿಲ್ಲ. ಹೊತ್ತು ಮುಳುಗೋದ್ರೊಳಗ ಮುಟ್ಟಿದವರಿಗೆಲ್ಲಾ ಒಂದೊಂದು ಪದಕ.

ಕ್ರಾಲಿಯೊಳಗ ಗಾಡಿಗಳು ಸೊಲ್ಪ ಹೊತ್ತು ನಿಲ್ತಾವ. ನಾವು ಕೂಸಿನ್ನ ಬೆಚ್ಚಗ ಸುತ್ತಕೊಂಡು ರಸ್ತೆ ದಂಡಿಗೆ ನಿಂತಿದ್ವಿ. ಅಲ್ಲೆ ಅದು ಎಲಿ ಉದರೋ ಕಾಲ. ಗಿಡ ಎಲ್ಲಾ ಅರಿಶಿಣ ಕುಂಕುಮ ಚೆಲ್ಲಿದಂಗ. ಮ್ಯಾಲೆ ಜಿಟಿಜಿಟಿ ಮಳಿ. ಒಂದ ಗಾಡಿ ನಮ್ಮ ಹಿಟ್ಟಿನ ಗಿರಣಿ ಸಪ್ಪಳ ಮಾಡ್ಕೋತ ಬಂತು, ಇನ್ನೊಂದು ಉಗಿ ಬಿಟಗೋತ ಬಂತು. ಕೆಲವಕ್ಕ ಸ್ಟೇರಿಂಗ್ ಚಕ್ರನ ಇಲ್ಲ, ದೋಣಿಗೆ ಇದ್ದಂಗ ಒಂದ ಹಿಡಿಕಿ. ಮ್ಯಾಲೆ ಛತ್ತಿಲ್ಲ, ಮುಂದ ಗಾಜಿಲ್ಲ. ಒಳಗ ಕೂತವರು ಕಂಬಳಿ ಹೊದ್ದು ಮೂಗು ಕೆಂಪ ಮಾಡಕೊಂಡು ನಗತಿದ್ರು. ಒಬ್ಬಾವ ಗಾಡಿ ಬುಡಕ ಹೊಕ್ಕು ಮಲಗಿದ್ದ, ಅವನ ಹೆಂಡ್ತಿ ಛತ್ರಿ ಹಿಡದು ಒಂದೊಂದ ಪಾನಾ ಕೊಡ್ಲಿಕತ್ತಿದ್ಲು. ‘ಗಂಡಸರು ಎಲ್ಲೆ ಹೋದ್ರೂ ಅಷ್ಟ’ ಅಂದೆ ಮಗಳಿಗೆ. 1953ರಾಗ ಇದ ಯಾತ್ರಾದ ಮ್ಯಾಲೆ ‘ಜೆನೆವೀವ್’ ಅಂತ ಒಂದ ಸಿನಿಮಾನೂ ಬಂದಿತ್ತು. ಅದರಾಗೂ ಇಬ್ಬರು ಗೆಳ್ಯಾರು ಹಳೇ ಗಾಡಿ ಮ್ಯಾಲೆ ಪಂಥಾ ಕಟ್ಟಿ ಓಡಸ್ತಾರ, ಬಾಜೂಕ ಕೂತ ಹೆಣ್ಣಮಕ್ಕಳು ಅವರ ಹಟಾ ತಡಕೋಬೇಕು.

ಅಷ್ಟರಾಗ ಒಂದ ಗಾಡಿ ಬಂತು. ಹಿಡಿಕಿ ಹಿಡದಾಕಿ ನನ್ನಕಿಂತ ಹಿರೇ ಬಾಯಿ, ಎಪ್ಪತ್ತರ ಮ್ಯಾಲೆನ ಆಗಿರಬೇಕು. ಬಾಜೂಕ ಅಕಿ ಗಂಡ ಥರ್ಮಾಸ್ ಹಿಡಕೊಂಡು ಕೂತಿದ್ದ. ಮಗಳ ಕಡೆಯಿಂದ ಕೇಳಿಸಿದೆ: ಇಷ್ಟ ಹಳೇ ಗಾಡಿ ರಸ್ತೆಕ್ಕ ತರಲಿಕ್ಕೆ ಹೆದರಿಕಿ ಆಗೋದಿಲ್ಲೇನು? ಅಕಿ ನಕ್ಕು, ‘ನಿಲ್ಲಿಸಿಟ್ರ ಕೆಡ್ತದ, ಓಡಿಸಿದ್ರ ಉಳೀತದ’ ಅಂದ್ಲು.

ಆ ಮಾತು ನನಗ ನೆಟ್ಟಿತು. ನಂದು ಲೈಸೆನ್ಸ್ ಆಗಿದ್ದು ಮದುವ್ಯಾದ ನಾಕನೇ ವರ್ಷ. ಎಂಟು ಹಾಕಿ ತೋರಿಸಿ ಪಾಸಾದಾಕಿ ನಾನು. ಆಮ್ಯಾಲೆ ಎರಡ ಸಲ ಗಾಡಿ ಹೊಡದೆ, ಎರಡೂ ಸಲ ‘ಬ್ರೇಕ್ ಹಾಕು, ಬ್ರೇಕ್ ಹಾಕು’ ಅಂತ ಬಾಜೂಕಿಂದ ಒದರಾಟ. ಮೂರನೇ ಸಲ ನಾನ ಹಿಂದ ಹೋಗಿ ಕೂತೆ. ಲೈಸೆನ್ಸು ಕಪಾಟಿನ್ಯಾಗ ಬಂಗಾರದ ಡಬ್ಬಿ ಬುಡಕ ಹೋತು. ತಪ್ಪು ನಮ್ಮನಿಯವರದೊಂದ ಅಲ್ಲ, ನನಗೂ ಹಿಂದ ಕೂಡೋದು ಹಗುರ ಅನಿಸಿತ್ತು.

ಎರಡ ವರ್ಷದ ಹಿಂದ ಒಂದ ರಾತ್ರಿ ನಮ್ಮನಿಯವರಿಗೆ ಎದಿನೋವು ಬಂತು. ಬಾಗಲದಾಗ ಕಾರು, ನನ್ನ ಕೈಯಾಗ ಕೀಲಿ. ನಾ ಏನ ಮಾಡಿದೆ? ಬಾಜೂಮನಿ ಹುಡುಗನ್ನ ಎಬ್ಬಿಸಲಿಕ್ಕೆ ಓಡಿದೆ. ಅಂವಾ ಅಂಗಿ ಹಾಕ್ಕೊಂಡು ಬರೋತನಕಾ ಹತ್ತ ನಿಮಿಷ. ದೇವರ ದಯಾ, ಎಲ್ಲಾ ಪಾಡಾತು. ಆದ್ರ ಆ ಹತ್ತ ನಿಮಿಷ ನಾ ಇನ್ನೂ ಮರತಿಲ್ಲ.

ಕಾರು ಗಂಡಸರ ಸಾಮಾನು ಅನ್ನಾವರಿಗೆ ಒಂದ ಕಥಿ ಹೇಳ್ತೇನಿ. ಕಾರು ಕಂಡುಹಿಡದ ಕಾರ್ಲ್ ಬೆಂಝ್ ಅವರ ಹೆಂಡ್ತಿ ಬೆರ್ಟಾ ಬೆಂಝ್. ಮದುವಿಗೆ ಮೊದಲನ ತನ್ನ ವರದಕ್ಷಿಣಿ ರೊಕ್ಕಾ ಅವನ ಧಂದೇಕ್ಕ ಹಾಕಿದಾಕಿ. ಗಾಡಿ ತಯಾರಾದ್ರೂ ಕೊಳ್ಳಾವರು ಯಾರೂ ಇರಲಿಲ್ಲ. 1888ರ ಆಗಸ್ಟ್‌ದಾಗ ಗಂಡಗ ಹೇಳದ ಕೇಳದ, ಇಬ್ಬರು ಗಂಡಮಕ್ಕಳನ್ನ ಕೂಡಿಸಿಕೊಂಡು ಮಾನ್‌ಹೈಮ್‌ನಿಂದ ತನ್ನ ತವರೂರು ಫೋರ್ಟ್ಸ್‌ಹೈಮ್‌ಗೆ ಹೊಂಟ್ಲು. ಸುಮಾರು 100 ಕಿಲೋಮೀಟರು. ಎಣ್ಣಿ ನಳಿಗಿ ಕಟ್ಟಿಕೊಂಡಾಗ ಟೊಪ್ಪಿಗಿ ಪಿನ್ನಿನಿಂದ ತಗದ್ಲು. ಎಣ್ಣಿ ತೀರಿದಾಗ ವೀಸ್‌ಲೋಖ್ ಊರಿನ ಔಷಧದ ಅಂಗಡ್ಯಾಗ ಕೊಂಡ್ಲು. ಬ್ರೇಕ್ ಸವದಾಗ ಚಮ್ಮಾರನ ಕಡೆ ತೊಗಲು ಹಚ್ಚಿಸಿದ್ಲು. ಏರು ಬಂದಾಗ ಹುಡುಗೂರು ಇಳದು ದಬ್ಬಿದ್ರು. ಅಕಿ ಹೇಳಿದ ಮ್ಯಾಲೇನ ಏರು ಹತ್ತಲಿಕ್ಕೆ ಇನ್ನೊಂದು ಗೇರ್ ಬಂದದ್ದು. ತವರುಮನಿಗೆ ಹೋಗೋ ನೆವದಾಗ ಅಕಿ ಇಡೀ ಜಗತ್ತಿಗೆ ಕಾರು ಹೆಂಗ ಓಡ್ತದ ಅಂತ ತೋರಿಸಿದ್ಲು. ನಾವು ತವರಿಗೆ ಹೋಗಲಿಕ್ಕೆ ಇನ್ನೂ ಯಾರ ಬಿಡುವು ಕಾಯಲಿಕತ್ತೇವಿ?

ಡ್ರೈವರ್ ಸಿಗತಾನಲ್ಲ ಅಂತೀರಿ. ರಾತ್ರಿ ಎರಡ ಗಂಟೇಕ್ಕ ಸಿಗೂದಿಲ್ಲ. ಗಾಡಿಗೆ ಏನರೆ ತಾಗ್ತದ ಅಂತೀರಿ. ತಾಗಲಿ ಬಿಡ್ರಿ, ಗಂಡಸರು ತಾಗಿಸಿದ ಗೆರಿ ಎಣಸರಿ ಮೊದಲ. ಈ ವಯಸ್ಸಿನ್ಯಾಗ ಯಾಕ ಅಂತೀರಿ. ಆ ಗಾಡಿಗಳ ವಯಸ್ಸು ನೂರಾ ಇಪ್ಪತ್ತು! ಬ್ರೈಟನ್ ದಾರಿದಾಗ ಎಷ್ಟೋ ಗಾಡಿ ಕೆಟ್ಟು ನಿಂತವು. ಯಾರೂ ನಗಲಿಲ್ಲ, ಮತ್ತ ಚಾಲೂ ಆದಾಗ ಚಪ್ಪಾಳಿ ಹೊಡದ್ರು. ನಮಗೂ ಅಷ್ಟು ಚಪ್ಪಾಳಿ ಸಿಕ್ಕಿದ್ರ ಲೈಸೆನ್ಸು ಕಪಾಟಿಗೆ ಹೋಗತಿದ್ದಿಲ್ಲ.

ಅದಕ್ಕ ವೈನಿ, ಅಕ್ಕಂದಿರ, ಇವತ್ತ ಕಪಾಟು ತಗದು ತಾರೀಖು ನೋಡ್ರಿ. ಅವಧಿ ಮುಗದು ಒಂದ ವರ್ಷ ದಾಟಿದ್ರ ಮತ್ತ ಟೆಸ್ಟ್ ಕೊಡಬೇಕಾಗ್ತದ. ನಲವತ್ತು ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟೂ ಬೇಕು. ನಂದು ಯಾವಾಗೋ ಮುಗದಿತ್ತು. ಬಂದಾಕೀನ ಡ್ರೈವಿಂಗ್ ಸ್ಕೂಲಿಗೆ ಹೆಸರು ಹಚ್ಚಿದೆ. ಏರಿನ್ಯಾಗ ಇನ್ನೂ ಗಾಡಿ ಬಂದ್ ಬೀಳ್ತದ, ಹಿಂದಿನವರು ಹಾರ್ನ್ ಹೊಡೀತಾರ. ಹೊಡೀಲಿ.

ದೀಪಾವಳಿ ಆದ ಮ್ಯಾಲೆ ಮಳಿ ನಿಂತಿರ್ತದ, ಹಳಿಯಾಳದ ದಾರಿದಾಗ ಭತ್ತ ಬಂಗಾರದಂಗ ನಿಂತಿರ್ತದ. ಕಾರ್ತಿಕದಾಗ ಒಂದ ರವಿವಾರ ಮುಂಜಾನೆ ನಾವ ನಾಕ ಮಂದಿ ಹೋಗೂಣು. ಬುತ್ತಿ ನಾ ತರ್ತೇನಿ. ಗಂಡಸರು ಬರೂದಾದ್ರ ಬರಲಿ, ಹಿಂದ ಕೂಡಬೇಕು, ಬ್ರೇಕ್ ಅಂತ ಒದರಬಾರದು. ಯಾರ್‍ಯಾರು ಬರ್ತೀರಿ ತಿಳಸ್ರಿ.