ನಾಳೆ ಕಾಲೇಜು ಇದೆಯಾ?

ಕಳೆದ ತಿಂಗಳು ಒಂದು ಗುರುವಾರ ಸಂಜೆ, ಮಗ್ರಿಬ್ ನಮಾಝ್ ಮುಗಿಸಿ ಫೋನ್ ನೋಡಿದರೆ ನಮ್ಮ ತರಗತಿಯ ವಾಟ್ಸಾಪ್ ಗುಂಪಿನ ತುಂಬ ಒಂದೇ ಪ್ರಶ್ನೆ: "ನಾಳೆ ಕಾಲೇಜು ಇದೆಯಾ?" ಶುಕ್ರವಾರ ಮಂಗಳೂರಿನಲ್ಲಿ ಒಂದು ಪ್ರತಿಭಟನೆ ಇದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಅನುಮತಿ ಸಿಕ್ಕಿದೆಯೇ, ಎಷ್ಟು ಹೊತ್ತಿಗೆ ಶುರು, ಯಾವ ರಸ್ತೆ ಬಂದ್, ಬಸ್ ಓಡುತ್ತದೆಯೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಮಗೆ ಲೆಕ್ಕಶಾಸ್ತ್ರದ ಟೆಸ್ಟ್ ಇತ್ತು.

ಉಪ್ಪ ಪರಿಚಯದ ಒಬ್ಬ ಪೊಲೀಸರಿಗೆ ಫೋನ್ ಮಾಡಿದರು. "ನಮಗೂ ಮೇಲಿನಿಂದ ಏನೂ ಬಂದಿಲ್ಲ" ಎಂದು ಉತ್ತರ ಬಂತು. ನಾನು ಕಾಲೇಜಿನ ಆಫೀಸಿಗೆ ಕರೆ ಮಾಡಿದೆ. ಯಾರೂ ಎತ್ತಲಿಲ್ಲ. ರಾತ್ರಿ ಒಂಬತ್ತಕ್ಕೆ ಒಂದು ವಾಯ್ಸ್ ಮೆಸೇಜ್ ಬಂತು. ಯಾರೋ ಗಂಡಸಿನ ಸ್ವರ: "ನಾಳೆ ಪರಿಸ್ಥಿತಿ ಸರಿ ಇಲ್ಲ, ಹೆಣ್ಣುಮಕ್ಕಳನ್ನು ಹೊರಗೆ ಕಳಿಸಬೇಡಿ." ಆ ಸ್ವರ ಯಾರದು, ಯಾವ ಊರಿನದು, ಯಾವ ವರ್ಷದ್ದು ಎಂದು ನಾನು ಕೇಳಲಿಲ್ಲ. ಐದು ಜನರಿಗೆ ಫಾರ್ವರ್ಡ್ ಮಾಡಿದೆ. ಈ ಲೇಖನ ಬರೆಯಲು ಮೊದಲ ಕಾರಣ ಅದೇ.

ಮರುದಿನ ಉಮ್ಮ ನನ್ನನ್ನು ಬಿಡಲಿಲ್ಲ. "ಒಂದು ದಿನ ಹೋಗದಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ" ಎಂದರು. ಅಣ್ಣ ಮಾತ್ರ ಎಂದಿನಂತೆ ಕೆಲಸಕ್ಕೆ ಹೋದ. ನಮ್ಮ ತರಗತಿಯಲ್ಲಿ ಅಂದು ಬಂದವರು ಹದಿನೆಂಟು ಮಂದಿ, ಅವರಲ್ಲಿ ಹುಡುಗಿಯರು ನಾಲ್ವರು. ಪ್ರತಿಭಟನೆ ಜುಮಾ ಬಳಿಕ ಶುರುವಾಗಿ, ಭಾಷಣ ಮುಗಿದು, ಅಸರ್ ಹೊತ್ತಿಗೆ ಎಲ್ಲರೂ ಮನೆ ಸೇರಿದ್ದರು. ಬಸ್‌ಗಳು ದಿನವಿಡೀ ಓಡಿದವು. ಏನೂ ಆಗಲಿಲ್ಲ. ನಮ್ಮ ಟೆಸ್ಟ್ ಹೋಯಿತು, ಒಂದು ದಿನದ ಹಾಜರಾತಿ ಹೋಯಿತು. ಶೇ. 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ ಎಂಬುದು ನಮಗೆಲ್ಲ ಗೊತ್ತಿರುವ ವಿಷಯ.

"ಏನೂ ಆಗಲಿಲ್ಲವಲ್ಲ, ಸುಮ್ಮನೆ ಹೆದರಿದಿರಿ" ಎಂದು ಕೆಲವರು ನಕ್ಕರು. ಆದರೆ ಉಮ್ಮ ಸುಮ್ಮನೆ ಹೆದರಿದ್ದಲ್ಲ.

2019ರ ಡಿಸೆಂಬರ್ 19ರಂದು ನಾನು ಆರನೇ ತರಗತಿಯಲ್ಲಿದ್ದೆ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ದೇಶದೆಲ್ಲೆಡೆ ಪ್ರತಿಭಟನೆ ನಡೆಯುತ್ತಿದ್ದ ದಿನಗಳು. ಹಿಂದಿನ ರಾತ್ರಿ ಮಂಗಳೂರಿನಲ್ಲಿ ಸೆಕ್ಷನ್ 144 ಜಾರಿಯಾಗಿತ್ತು. ಅದು ಎಷ್ಟು ಜನರಿಗೆ ತಲುಪಿತ್ತೋ ಅಲ್ಲಾಹನೇ ಬಲ್ಲ. ಅಂದು ಬಂದರ್ ಪ್ರದೇಶದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ನಗರದಲ್ಲಿ ಕರ್ಫ್ಯೂ ಬಂತು, ಜಿಲ್ಲೆಯಲ್ಲಿ ಮೊಬೈಲ್ ಇಂಟರ್ನೆಟ್ ನಿಂತಿತು. ಉಪ್ಪ ಬಂದರಿನಲ್ಲಿ ಕೆಲಸದಲ್ಲಿದ್ದರು. ಅವರು ನೇತ್ರಾವತಿ ಸೇತುವೆ ದಾಟಿ ಮನೆಗೆ ಬಂದಾಗ ರಾತ್ರಿ ಬಹಳ ಹೊತ್ತಾಗಿತ್ತು. ಅಲ್ಲಿಯವರೆಗೆ ಉಮ್ಮ ಬಾಗಿಲಲ್ಲೇ ನಿಂತಿದ್ದರು. ನಮ್ಮ ಊರಿನಲ್ಲಿ ಇಂಥ ನೆನಪು ಇಲ್ಲದ ಮನೆ ಕಡಿಮೆ. ಹೀಗಿರುವಾಗ ಅಧಿಕಾರಿಗಳು ಮೌನವಾಗಿದ್ದರೆ ಆ ಮೌನ ಖಾಲಿಯಾಗಿ ಉಳಿಯುವುದಿಲ್ಲ. ಅದರೊಳಗೆ 2019 ಬಂದು ಕುಳಿತುಕೊಳ್ಳುತ್ತದೆ.

ಹಾಗೆಂದು ಪ್ರತಿಭಟನೆಯೇ ಬೇಡ ಎನ್ನುವವಳಲ್ಲ ನಾನು. ಆಯುಧವಿಲ್ಲದೆ ಶಾಂತಿಯುತವಾಗಿ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟಿರುವ ಹಕ್ಕು. ಸಾರ್ವಜನಿಕ ಶಾಂತಿಗಾಗಿ ಅದರ ಮೇಲೆ ನ್ಯಾಯವಾದ ನಿರ್ಬಂಧ ಹಾಕುವ ಅಧಿಕಾರವೂ ಸರ್ಕಾರಕ್ಕಿದೆ. ಆದರೆ ಆ ಅಧಿಕಾರಕ್ಕೂ ಲೆಕ್ಕವಿದೆ. 2020ರ ಜನವರಿ 10ರಂದು ಸುಪ್ರೀಂ ಕೋರ್ಟ್, ಅನುರಾಧಾ ಭಾಸಿನ್ ಪ್ರಕರಣದಲ್ಲಿ, ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು, ಅವುಗಳಲ್ಲಿ ಕಾರಣ ಇರಲೇಬೇಕು ಎಂದು ಹೇಳಿತು. ಅದೇ ವರ್ಷ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟ್, 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೇರಿದ್ದ 144ರ ಆದೇಶ ಕಾನೂನುಬಾಹಿರ ಎಂದು ತೀರ್ಪು ನೀಡಿತು. ಈಗ 144ರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಇದೆ. ಸಂಖ್ಯೆ ಬದಲಾಯಿತು ಎಂದು ಹೊಣೆ ಬದಲಾಗುವುದಿಲ್ಲ.

ಮಾಹಿತಿ ಹಕ್ಕು ಕಾಯ್ದೆ ಎಂದರೆ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕುವುದು ಎಂದಷ್ಟೇ ನಾನು ತಿಳಿದಿದ್ದೆ. ಆದರೆ 2005ರ ಆ ಕಾಯ್ದೆಯ 4ನೇ ಸೆಕ್ಷನ್ ಬೇರೆಯದನ್ನೇ ಹೇಳುತ್ತದೆ. ಜನರಿಗೆ ತಟ್ಟುವ ನಿರ್ಧಾರ ಪ್ರಕಟಿಸುವಾಗ ಅದರ ಸಂಗತಿಗಳನ್ನು ಯಾರೂ ಕೇಳದೆಯೇ ಕೊಡಬೇಕು. ತೊಂದರೆಗೆ ಒಳಗಾಗುವವರಿಗೆ ಕಾರಣ ತಿಳಿಸಬೇಕು. ಮಾಹಿತಿ ಹರಡುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಅಂದರೆ ಅಂದು ಉಪ್ಪ ಕೇಳಿದ ಪ್ರಶ್ನೆ ಉಪಕಾರ ಬೇಡುವ ಪ್ರಶ್ನೆ ಆಗಿರಲಿಲ್ಲ.

ಮೊದಲೇ ಹೇಳಿದರೆ ಜನ ಗಾಬರಿಯಾಗುತ್ತಾರೆ, ಎಲ್ಲವನ್ನೂ ಬಹಿರಂಗಪಡಿಸಲು ಆಗುವುದಿಲ್ಲ ಎಂದು ಅಧಿಕಾರಿಗಳು ಹೇಳಬಹುದು. ಎಲ್ಲವನ್ನೂ ಹೇಳಿ ಎಂದು ಯಾರು ಕೇಳಿದರು? ಎಷ್ಟು ಪೊಲೀಸರು ಎಲ್ಲಿ ನಿಲ್ಲುತ್ತಾರೆ ಎಂಬುದು ನಮಗೆ ಬೇಡ. ಅನುಮತಿ ಇದೆಯೇ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾವ ರಸ್ತೆಯಲ್ಲಿ ವಾಹನ ಇಲ್ಲ, ಶಾಲೆ ಕಾಲೇಜು ಇದೆಯೇ ಎಂಬ ನಾಲ್ಕು ಮಾತು ಸಾಕು. ಇದರಲ್ಲಿ ಗುಟ್ಟು ಏನಿದೆ? ಇನ್ನು ಗಾಬರಿಯ ಮಾತು. ಆ ಗುರುವಾರ ಯಾರೂ ಏನೂ ಹೇಳಿರಲಿಲ್ಲ. ಗಾಬರಿ ಕಡಿಮೆ ಇತ್ತೇ?

ಬೇರೆ ರೀತಿಯಲ್ಲಿ ನಡೆದದ್ದನ್ನೂ ನಾವು ಇದೇ ಊರಿನಲ್ಲಿ ನೋಡಿದ್ದೇವೆ. ಗೋಲಿಬಾರ್ ಆಗಿ ಒಂದು ತಿಂಗಳೂ ತುಂಬುವ ಮೊದಲು, 2020ರ ಜನವರಿ 15ರಂದು, ಅಡ್ಯಾರಿನ ಮೈದಾನದಲ್ಲಿ ಅದೇ ಕಾಯ್ದೆಯ ವಿರುದ್ಧ ದೊಡ್ಡ ಪ್ರತಿಭಟನಾ ಸಭೆ ನಡೆಯಿತು. ಸಾವಿರಾರು ಜನ ಸೇರಿದರು. ದುಃಖವೂ ಸಿಟ್ಟೂ ಇನ್ನೂ ಆರಿರಲಿಲ್ಲ. ಆದರೂ ಸಭೆ ಶಾಂತವಾಗಿ ಮುಗಿಯಿತು. ಜಾಗ ಗೊತ್ತಿತ್ತು, ದಿನ ಗೊತ್ತಿತ್ತು, ಸಂಚಾರದ ವ್ಯವಸ್ಥೆ ಆಗಿತ್ತು, ಸಂಘಟಕರ ಸ್ವಯಂಸೇವಕರು ಇದ್ದರು. ಡಿಸೆಂಬರ್‌ನ ಊರೂ ಇದೇ, ಜನವರಿಯ ಊರೂ ಇದೇ. ಶಾಂತಿಗೆ ಕಾರಣ ಒಂದೇ ಅಲ್ಲ, ನಿಜ. ಆದರೆ ಎಲ್ಲಿಗೆ ಹೋಗಬೇಕು, ಯಾವಾಗ ಮರಳಬೇಕು ಎಂದು ಗೊತ್ತಿದ್ದ ಜನ ಕತ್ತಲೆಯಲ್ಲಿ ತಡವರಿಸುವ ಜನರಂತೆ ನಡೆದುಕೊಳ್ಳುವುದಿಲ್ಲ.

ಬೆರಳನ್ನು ಅಧಿಕಾರಿಗಳ ಕಡೆಗೆ ಮಾತ್ರ ತೋರಿಸಿದರೆ ನಾನು ಸುಳ್ಳು ಬರೆದಂತೆ. ಆ ವಾಯ್ಸ್ ಮೆಸೇಜನ್ನು ಪೊಲೀಸರು ಹಂಚಲಿಲ್ಲ, ನಾನು ಹಂಚಿದೆ. ನನ್ನ ಪಕ್ಕದಲ್ಲಿ ಕೂರುವ ಗೆಳತಿ ಆ ಟೆಸ್ಟಿಗೆ ಎರಡು ವಾರ ಓದಿದ್ದಳು. ಅವಳು ಹೊರಟು ನಿಂತಿದ್ದಳು. ಅವಳ ಉಮ್ಮ ಕೇಳಿಸಿಕೊಂಡದ್ದು ನಾನು ಕಳಿಸಿದ ಅದೇ ಮೆಸೇಜ್. ಸೋಮವಾರ ಅವಳು ನನಗೆ ಏನೂ ಹೇಳಲಿಲ್ಲ, ಮಾತನ್ನೂ ಆಡಲಿಲ್ಲ. ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಿ ಯಾರಿಗೂ ಹಾನಿ ಮಾಡಬೇಡಿ ಎಂಬ ಸೂರಃ ಹುಜುರಾತ್‌ನ ಬೋಧನೆಯನ್ನು ಮದ್ರಸದಲ್ಲಿ ಬಾಯಿಪಾಠ ಮಾಡಿದವಳು ನಾನು. ಫೋನ್ ಕೈಯಲ್ಲಿದ್ದಾಗ ಅದು ನೆನಪಿಗೆ ಬರಲಿಲ್ಲ.

ಪ್ರತಿಭಟನೆ ಕರೆಯುವ ನಮ್ಮ ಸಂಘಟನೆಗಳಿಗೂ ಒಂದು ಮಾತು. ಪೋಸ್ಟರ್‌ನಲ್ಲಿ ಭಾಷಣಕಾರರ ಫೋಟೋ ದೊಡ್ಡದಾಗಿ ಇರುತ್ತದೆ. ಮುಗಿಯುವ ಸಮಯವನ್ನೂ ಅನುಮತಿಯ ವಿವರವನ್ನೂ ಅಷ್ಟೇ ಸ್ಪಷ್ಟವಾಗಿ ಹಾಕಿ. ಮನೆಯಲ್ಲಿ ಕಾಯುವ ಉಮ್ಮಂದಿರು ಅದನ್ನೇ ಹುಡುಕುವುದು.

ಕೊನೆಯದಾಗಿ ನಮ್ಮ ಕಾಲೇಜಿಗೆ. ಮುಸ್ಲಿಂ ಆಡಳಿತದ ಸಂಸ್ಥೆಯಾದ್ದರಿಂದ ಏನು ಹೇಳಿದರೂ ಯಾರಾದರೂ ತಪ್ಪು ತಿಳಿದಾರು ಎಂಬ ಅಂಜಿಕೆ ಇರಬಹುದು, ಅದು ನನಗೆ ಅರ್ಥವಾಗುತ್ತದೆ. ಆದರೆ "ನಾಳೆ ತರಗತಿ ಇದೆ, ಬಸ್ ಇದೆ" ಎನ್ನುವುದು ರಾಜಕೀಯ ಹೇಳಿಕೆಯಲ್ಲ. ಮೂರು ಕೋರಿಕೆಗಳನ್ನು ಪ್ರಾಂಶುಪಾಲರ ಮುಂದೆ ಇಡುತ್ತೇನೆ. ಒಂದು, ಇಂಥ ದಿನಗಳ ಹಿಂದಿನ ಸಂಜೆ ಏಳು ಗಂಟೆಯೊಳಗೆ ಪೋಷಕರಿಗೆ ಕನ್ನಡದಲ್ಲಿ ಒಂದು ಅಧಿಕೃತ ಸಂದೇಶ ಬರಲಿ. ಏನೂ ತಿಳಿಯದಿದ್ದರೆ "ಇನ್ನೂ ತಿಳಿದಿಲ್ಲ, ಬೆಳಿಗ್ಗೆ ಆರೂವರೆಗೆ ತಿಳಿಸುತ್ತೇವೆ" ಎಂದಾದರೂ ಬರಲಿ. ಎರಡು, ಆ ಸಂಜೆ ಫೋನ್ ಎತ್ತಲು ಒಬ್ಬ ಉಪನ್ಯಾಸಕರು ಇರಲಿ, ಅವರು ಸ್ಥಳೀಯ ಠಾಣೆಯನ್ನು ಕೇಳಿ ಹೇಳಲಿ. ಮೂರು, ಅಂದು ಬಾರದವರಿಗೆ ಟೆಸ್ಟ್ ಮತ್ತೊಮ್ಮೆ ನಡೆಯಲಿ. ಹೆದರಿಕೆಯ ದಂಡವನ್ನು ಹೆಣ್ಣುಮಕ್ಕಳೇ ಯಾಕೆ ತೆರಬೇಕು?

ನನ್ನ ಪಾಲಿನದನ್ನು ಶುರು ಮಾಡಿದ್ದೇನೆ. ಗೆಳತಿಯ ಮನೆಗೆ ಹೋಗಿ ಅವಳ ಉಮ್ಮನ ಎದುರು ತಪ್ಪು ಒಪ್ಪಿಕೊಂಡೆ. ಅವರು ಚಹಾ ಕೊಟ್ಟರು. ಲೋಟ ಕೈಗೆ ಕೊಡುವಾಗ, "ನೀನು ಕಳಿಸಿದ್ದಕ್ಕೆ ನಂಬಿದೆ ಮೋಳೇ" ಎಂದರು. "ಬೇರೆ ಯಾರೂ ಏನೂ ಹೇಳಿರಲಿಲ್ಲವಲ್ಲ."